ಮಗುವಿನ ಪರ ವಕಾಲತ್ತು ಹಾಕುವವರಿಲ್ಲ

ಹಾಸನದ ನ್ಯಾಯಾಲಯದಲ್ಲಿ ವಕೀಲಿಕೆ ಆರಂಭಿಸಿದ ಮೊದಲ ಕೆಲವು ವರ್ಷಗಳಲ್ಲೇ ಪಾಟೀಸವಾಲಿನ ಒಂದು ತಂತ್ರ ನನಗೆ ಕರಗತವಾಗಿತ್ತು. ಮಗುವನ್ನು ತನ್ನ ವಶಕ್ಕೆ ಕೊಡಬೇಕೆಂದು ಕೋರಿದ ತಂದೆ ಸಾಕ್ಷಿಕಟ್ಟೆ ಹತ್ತಿದಾಗ ಸಂಬಳ, ಜಮೀನು, ಜಗಳ ಇವುಗಳನ್ನೆಲ್ಲ ಬದಿಗಿಟ್ಟು, "ನಿಮ್ಮ ಮಗನ ಕ್ಲಾಸ್ ಟೀಚರ್ ಹೆಸರೇನು?" ಎಂದು ಕೇಳುವುದು. ಹತ್ತರಲ್ಲಿ ಎಂಟು ಮಂದಿಗೆ ಗೊತ್ತಿರುವುದಿಲ್ಲ. ಅವರು ತಡವರಿಸುವಾಗ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮಗುವಿಗೆ ಕೊನೆಯ ಬಾರಿ ಜ್ವರ ಬಂದದ್ದು ಯಾವಾಗ, ಶೂ ಅಳತೆ ಎಷ್ಟು ಎಂದು ಕೇಳಿದರೆ ಸಾಕು, ಪ್ರಕರಣ ಅರ್ಧ ಗೆದ್ದಂತೆ ಎಂದು ಹಿರಿಯರೊಬ್ಬರು ಹೇಳಿಕೊಟ್ಟಿದ್ದರು, ನಾನೂ ಹಾಗೆಯೇ ನಂಬಿದ್ದೆ.

ಒಮ್ಮೆ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದವರು ಒಬ್ಬ ಬಸ್ ಚಾಲಕ. (ಪಕ್ಷಗಾರರ ಗುರುತು ಹತ್ತದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಕಲಂ ಪ್ರಕಾರ ಇಬ್ಬರಲ್ಲಿ ಒಬ್ಬರು ಬಯಸಿದರೂ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆಯೇ ನಡೆಯಬೇಕು. ಅಲ್ಲಿ ಕಿವಿಗೆ ಬಿದ್ದದ್ದನ್ನು ಹಾಗೆಯೇ ಹೊರಗೆ ಹೇಳುವುದು ಸಲ್ಲದು.) ನಸುಕಿನ ನಾಲ್ಕು ಗಂಟೆಗೆ ಡಿಪೋದಲ್ಲಿರಬೇಕಾದ ಮನುಷ್ಯ. "ಗೊತ್ತಿಲ್ಲ ಮೇಡಂ" ಎಂದು ತಲೆ ತಗ್ಗಿಸಿದರು. ಆ ಉತ್ತರ ದಾಖಲಾಯಿತು, ನಾನು ಸಂತೋಷದಿಂದ ಕುಳಿತೆ.

ಅದರ ಮುಂದಿನ ಶನಿವಾರ, ಮಧ್ಯಂತರ ಆದೇಶದಂತೆ, ನ್ಯಾಯಾಲಯದ ಆವರಣದಲ್ಲಿ ತಂದೆ ಮಗನ ಭೇಟಿ. ತಾಯಿ ನನ್ನ ಕಕ್ಷಿದಾರರಾದ್ದರಿಂದ ನಾನೂ ಅಲ್ಲಿದ್ದೆ. ಏಳು ವರ್ಷದ ಹುಡುಗ ಓಡಿಯೂ ಬರಲಿಲ್ಲ, ಅಳಲೂ ಇಲ್ಲ. ಸಿಮೆಂಟು ಬೆಂಚಿನ ಮೇಲೆ ಅಪ್ಪನ ಪಕ್ಕ ಕುಳಿತು ಎರಡೂ ಕೈಗಳನ್ನು ಮುಂದೆ ಚಾಚಿದ. ಅಪ್ಪ ಬೀಗದ ಗೊಂಚಲಿನಲ್ಲಿ ತೂಗುತ್ತಿದ್ದ ನೇಲ್ ಕಟರ್ ತೆಗೆದು, ತೊಡೆಯ ಮೇಲೆ ಕರವಸ್ತ್ರ ಹರಡಿ, ಒಂದೊಂದೇ ಉಗುರು ಕತ್ತರಿಸತೊಡಗಿದರು. ಎಡಗೈ ಹೆಬ್ಬೆರಳಿಗೆ ಬಂದಾಗ ಹುಡುಗ ಕೈ ಹಿಂದಕ್ಕೆಳೆದುಕೊಂಡ. "ಅದು ಕೊನೇಗೆ, ಗೊತ್ತು" ಎಂದು ಅಪ್ಪ ಮುಂದಿನ ಬೆರಳಿಗೆ ಹೋದರು. ಆ ಹೆಬ್ಬೆರಳಿನ ಬುಡದಲ್ಲಿ ಹಳೆಯ ಗಾಯದ ಗುರುತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ತಾಯಿ ಮೆಲ್ಲಗೆ ಹೇಳಿದರು: "ನನ್ ಹತ್ರ ಕತ್ತರಿಸ್ಕೊಳ್ಳಲ್ಲ ಮೇಡಂ. ಅಪ್ಪನೇ ಬೇಕು ಅಂತಾನೆ. ಮೂರು ವಾರದಿಂದ ಹಂಗೇ ಬಿಟ್ಟಿದ್ದೆ." ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. "ನೀವ್ ಕೇಳಲೇ ಇಲ್ವಲ್ಲ" ಎಂದರು.

ಕ್ಲಾಸ್ ಟೀಚರ್ ಹೆಸರು ಗೊತ್ತಿಲ್ಲದ ತಂದೆಯನ್ನು ನಾನು ಮಗುವಿನ ಬದುಕೇ ಗೊತ್ತಿಲ್ಲದವನೆಂದು ಚಿತ್ರಿಸಿದ್ದೆ. ಅದು ಸುಳ್ಳಾಗಿರಲಿಲ್ಲ, ನಿಜವೂ ಆಗಿರಲಿಲ್ಲ. ಅಂದಿನಿಂದ ಈ ಪ್ರಶ್ನೆಯನ್ನು ನಾನು ಪೂರ್ತಿ ಬಿಟ್ಟಿದ್ದೇನೆ ಎಂದರೆ ಆತ್ಮಪ್ರಶಂಸೆಯಾದೀತು. ಬಿಟ್ಟಿಲ್ಲ, ಆದರೆ ಕೇಳುವ ಮುನ್ನ ಈಗ ಕಕ್ಷಿದಾರರ ಬಳಿ ಒಂದು ಗಂಟೆ ಕುಳಿತು, ಮಗು ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವ ತನಕ ಯಾವ ಕೆಲಸಕ್ಕೆ ಯಾರನ್ನು ಕರೆಯುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಮಗುವಿನ ಹಿತ ಎಂದು ಕಾನೂನು ಕರೆಯುವ ವಸ್ತು ಬಹುಮಟ್ಟಿಗೆ ಆ ಹಾಳೆಯಲ್ಲಿಯೇ ಇರುತ್ತದೆ, ಅರ್ಜಿಯ ಪುಟಗಳಲ್ಲಲ್ಲ ಎಂಬುದು ನನ್ನ ಅನುಭವ.

ಅರ್ಜಿಯ ಪುಟಗಳಲ್ಲಿ ಏಕಿರುವುದಿಲ್ಲವೆಂದರೆ, ಅರ್ಜಿ ಬರೆಯುವವರಾರೂ ಮಗುವಿನ ವಕೀಲರಲ್ಲ. ಅಭಿರಕ್ಷೆಯ, ಅಂದರೆ ಮಗು ಯಾರ ವಶದಲ್ಲಿರಬೇಕೆಂಬ ಪ್ರಕರಣದಲ್ಲಿ ಅರ್ಜಿದಾರರಿಗೊಬ್ಬ ವಕೀಲ, ಎದುರುದಾರರಿಗೊಬ್ಬ ವಕೀಲ. ವಿಚಿತ್ರವೆಂದರೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 13ನೇ ಕಲಂ ಪ್ರಕಾರ ಅಲ್ಲಿ ವಕೀಲರನ್ನಿಟ್ಟುಕೊಳ್ಳುವುದು ಪಕ್ಷಗಾರರ ಹಕ್ಕೇ ಅಲ್ಲ, ನ್ಯಾಯಾಲಯದ ಅನುಮತಿ ಬೇಕು. ರೂಢಿಯಲ್ಲಿ ಆ ಅನುಮತಿ ಸಿಗುತ್ತದೆ, ನಾವು ವಾದಿಸುತ್ತೇವೆ. ಯಾರ ಬದುಕು ತೀರ್ಮಾನವಾಗುತ್ತಿದೆಯೋ ಆ ಮಗು ಮಾತ್ರ ಪ್ರಕರಣದ ಪಕ್ಷಗಾರನೂ ಅಲ್ಲ, ಅದರ ಪರವಾಗಿ ವಕಾಲತ್ತು ಹಾಕುವವರೂ ಇಲ್ಲ. ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯ್ದೆಯು ನ್ಯಾಯಾಧೀಶರು ಗಮನಿಸಲೇಬೇಕಾದ ಅಂಶಗಳ ಪಟ್ಟಿಯನ್ನೇ ಕೊಟ್ಟಿದೆ: ಮಗುವಿನ ಇಚ್ಛೆ, ಅದರ ದೈಹಿಕ, ಭಾವನಾತ್ಮಕ ಮತ್ತು ಶೈಕ್ಷಣಿಕ ಅಗತ್ಯಗಳು, ಈಗಿರುವ ಸ್ಥಿತಿ ಬದಲಾದರೆ ಆಗುವ ಪರಿಣಾಮ, ಹಾನಿಯ ಸಾಧ್ಯತೆ ಇತ್ಯಾದಿ. ಮಗುವನ್ನು ಕಂಡು ವರದಿ ಕೊಡಲು ಅಲ್ಲಿ 2001ರಿಂದ ಕ್ಯಾಫ್‌ಕ್ಯಾಸ್ ಎಂಬ ಪ್ರತ್ಯೇಕ ಸಂಸ್ಥೆಯೇ ಇದೆ. ನಮ್ಮಲ್ಲಿ ಕಾನೂನು ಆಯೋಗವು 2015ರ ಮೇ ತಿಂಗಳಲ್ಲಿ ಸಲ್ಲಿಸಿದ 257ನೇ ವರದಿಯಲ್ಲಿ ಜಂಟಿ ಅಭಿರಕ್ಷೆಯ ಕುರಿತೂ ಮಗುವಿನ ಕ್ಷೇಮವನ್ನು ಅಳೆಯುವ ಮಾರ್ಗಸೂಚಿಗಳ ಕುರಿತೂ ಶಿಫಾರಸು ಮಾಡಿತ್ತು.

ಹಾಗೆಂದು ನಮ್ಮ ಕಾನೂನು ಮಗುವನ್ನು ಮರೆತಿಲ್ಲ. ಪಾಲಕರು ಮತ್ತು ಪಾಲಿತರ ಕಾಯ್ದೆ 1890ರದು. ಅಷ್ಟು ಹಳೆಯ ಕಾಯ್ದೆಯ 17ನೇ ಕಲಂ ಕೂಡ ಪಾಲಕರನ್ನು ನೇಮಿಸುವಾಗ ಮಗುವಿನ ಕ್ಷೇಮವನ್ನು ನೋಡಬೇಕೆನ್ನುತ್ತದೆ ಮತ್ತು ವಿವೇಚನೆಯಿಂದ ಆಯ್ಕೆ ಮಾಡುವಷ್ಟು ಬೆಳೆದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದೆನ್ನುತ್ತದೆ. ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ, 1956ರ 6ನೇ ಕಲಂ ತಂದೆಯನ್ನು ಮೊದಲು, ತಾಯಿಯನ್ನು ಅವನ 'ನಂತರ' ಸಹಜ ಪಾಲಕರೆಂದು ಹೆಸರಿಸುತ್ತದೆ. ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಆ 'ನಂತರ' ಎಂಬುದನ್ನು ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ತಂದೆಯ ಅನುಪಸ್ಥಿತಿಯಲ್ಲಿ ಎಂದು ಓದಬೇಕೆಂದಿತು. ಅದೇ ಕಲಂ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆನ್ನುತ್ತದೆ. ಇವೆಲ್ಲದರ ಮೇಲೆ ಅದೇ ಕಾಯ್ದೆಯ 13ನೇ ಕಲಂ ಇದೆ: ಮಗುವಿನ ಕ್ಷೇಮವೇ ಪರಮೋಚ್ಚ. ಮುಸ್ಲಿಂ ಕುಟುಂಬಗಳಲ್ಲಿ ತಾಯಿಯ ಹಿಜಾನತ್ (ಮಗುವನ್ನು ತನ್ನ ಬಳಿ ಇಟ್ಟುಕೊಂಡು ಸಾಕುವ) ಹಕ್ಕಿಗೆ ಅದರದೇ ವಯೋಮಿತಿಗಳಿವೆ, ಆದರೆ ಅಲ್ಲಿಯೂ ನ್ಯಾಯಾಲಯ ಕೊನೆಗೆ ಬಂದು ನಿಲ್ಲುವುದು ಕ್ಷೇಮದ ಪ್ರಶ್ನೆಗೇ.

ಮೊಕದ್ದಮೆಗೆ ಬಂದ ಅಜ್ಜಂದಿರೂ ಸೋದರಮಾವಂದಿರೂ "ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು" ಎಂಬ ಗಾದೆಯನ್ನು ನಿಟ್ಟುಸಿರಿನೊಂದಿಗೆ ಹೇಳುತ್ತಾರೆ. ಹೇಳಿದವರೇ ಮರುಗಳಿಗೆಯಲ್ಲಿ "ಮೊದಲು ಮಗೂನ ನಮ್ಮ ಕಡೆ ತಗೊಳ್ಳಿ ಮೇಡಂ, ಆಮೇಲೆ ಅವರೇ ದಾರಿಗೆ ಬತ್ತಾರೆ" ಎನ್ನುತ್ತಾರೆ. ಕೂಸು ಅವರಿಗೆ ಅಡವಿಟ್ಟ ಒಡವೆಯಂತೆ. 1973ರಲ್ಲಿಯೇ ರೋಸಿ ಜೇಕಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮಕ್ಕಳು ಬರಿಯ ಸ್ವತ್ತುಗಳಲ್ಲ, ತಂದೆತಾಯಿಯರ ಆಟಿಕೆಗಳೂ ಅಲ್ಲ ಎಂದು ಹೇಳಿದ್ದರೂ, ಈ ಅಡವಿನ ವ್ಯವಹಾರ ನಿಂತಿಲ್ಲ. ಇದರ ಅತ್ಯಂತ ಸಾಮಾನ್ಯ ರೂಪ ಜೀವನಾಂಶಕ್ಕೆ ಸಂಬಂಧಿಸಿದ್ದು. ದುಡ್ಡು ಕೊಡದವನಿಗೆ ಮಗುವಿನ ಮುಖ ತೋರಿಸುವುದಿಲ್ಲ ಎಂದು ಒಂದು ಕಡೆ. ಮುಖ ತೋರಿಸದವಳಿಗೆ ದುಡ್ಡೇಕೆ ಎಂದು ಇನ್ನೊಂದು ಕಡೆ. ನಾನು ಎರಡೂ ಕಡೆಯವರಿಗೆ ವಾದಿಸಿದ್ದೇನೆ, ಎರಡೂ ಮಾತುಗಳನ್ನು ನನ್ನದೇ ಕಚೇರಿಯಲ್ಲಿ ಕೇಳಿದ್ದೇನೆ. ಮಗುವಿನ ಊಟ ಮತ್ತು ಶಾಲೆಯ ಖರ್ಚು ಮಗುವಿನ ಹಕ್ಕು, ಅಪ್ಪನನ್ನೋ ಅಮ್ಮನನ್ನೋ ನೋಡುವುದೂ ಮಗುವಿನದೇ ಹಕ್ಕು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವ ವ್ಯಾಪಾರ ಇಲ್ಲಿಲ್ಲ ಎಂದು ಮೊದಲ ಭೇಟಿಯಲ್ಲಿಯೇ ಹೇಳಿಬಿಡುತ್ತೇನೆ. ಕೆಲವರು ಎದ್ದು ಬೇರೆ ವಕೀಲರ ಬಳಿ ಹೋಗಿದ್ದಾರೆ. ಹೋಗಲಿ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿಯಲ್ಲಿ ಮಕ್ಕಳ ಪೋಷಣೆ ಮತ್ತು ಶಿಕ್ಷಣಕ್ಕಾಗಿ ಹಾಕಿದ ಮಧ್ಯಂತರ ಅರ್ಜಿಯನ್ನು ನೋಟಿಸು ಜಾರಿಯಾದ ದಿನದಿಂದ ಸಾಧ್ಯವಾದಷ್ಟೂ 60 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂದಿದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ತಮ್ಮ ಆದಾಯ ಮತ್ತು ಆಸ್ತಿಯ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಲೇಬೇಕು. ದುಡ್ಡಿನ ದಾರಿ ಬೇರೆಯೇ ಇರುವಾಗ ಮಗುವನ್ನು ಆ ದಾರಿಯಲ್ಲಿ ನಿಲ್ಲಿಸುವ ಅಗತ್ಯವಿಲ್ಲ.

ಈಗ ಆ ದಿನಚರಿಯ ಹಾಳೆಯನ್ನು ಸಾಕ್ಷ್ಯವಾಗಿಸುವ ಮಾತಿಗೆ ಬರುತ್ತೇನೆ, ಏಕೆಂದರೆ ಕಿರಿಯ ವಕೀಲರು ಎಡವುವುದು ಇಲ್ಲಿಯೇ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಂ, ಸಾಕ್ಷ್ಯ ಕಾನೂನಿನ ಅಳತೆಗೆ ಸಿಗದ ವರದಿ, ಹೇಳಿಕೆ, ದಸ್ತಾವೇಜುಗಳನ್ನೂ ವಿವಾದದ ಇತ್ಯರ್ಥಕ್ಕೆ ನೆರವಾಗುವುದಾದರೆ ಸ್ವೀಕರಿಸಬಹುದೆನ್ನುತ್ತದೆ. ಅಂದರೆ ತಾಯಿ ಕಾರ್ಡಿನಲ್ಲಿರುವ ಲಸಿಕೆಯ ದಿನಾಂಕಗಳು, ಶಾಲೆಯ ಹಾಜರಾತಿ, ಡೈರಿಯ ಕೆಳಗಿನ ಸಹಿ ಯಾರದು ಎಂಬುದು, ವ್ಯಾನ್ ಚಾಲಕನ ವಾಟ್ಸಾಪ್ ಸಂದೇಶ, ಔಷಧಿ ಅಂಗಡಿಯ ಚೀಟಿ ಇವೆಲ್ಲ ಕಡತ ಸೇರಬಹುದು. ಸಕಲೇಶಪುರದ ಕಡೆಯ ಒಂದು ಪ್ರಕರಣದಲ್ಲಿ ತೋಟದ ಲೈನ್ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗಿಯ ಹಾಜರಾತಿಯನ್ನು ತರಿಸಿ ನೋಡಿದಾಗ, ಕಾಫಿ ಕೊಯ್ಲಿನ ಡಿಸೆಂಬರ್ ಮತ್ತು ಜನವರಿಯಲ್ಲಿ ಮಾತ್ರ ಅವಳು ಶಾಲೆ ತಪ್ಪಿಸಿದ್ದು ಕಂಡಿತು. ಎದುರುಪಕ್ಷ ಅದನ್ನು ತಾಯಿಯ ನಿರ್ಲಕ್ಷ್ಯವೆಂದು ಬರೆದಿತ್ತು. ವಿಚಾರಿಸಿದರೆ, ತಾಯಿ ಬೆಳಕು ಹರಿಯುವ ಮೊದಲೇ ಕೊಯ್ಲಿಗೆ ಹೋಗುತ್ತಿದ್ದರಿಂದ ಎರಡು ವರ್ಷದ ತಮ್ಮನನ್ನು ನೋಡಿಕೊಳ್ಳಲು ಇವಳು ಮನೆಯಲ್ಲಿ ಉಳಿಯುತ್ತಿದ್ದಳು. ಅದಕ್ಕೆ ಪರಿಹಾರ ಹುಡುಗಿಯನ್ನು ತಾಯಿಯಿಂದ ಕೀಳುವುದಾಗಿರಲಿಲ್ಲ, ತಮ್ಮನನ್ನು ಅಂಗನವಾಡಿಗೆ ಬಿಡುವುದಾಗಿತ್ತು. ನಿರ್ಲಕ್ಷ್ಯ, ಪ್ರೀತಿ, ಜವಾಬ್ದಾರಿ ಎಂಬ ದೊಡ್ಡ ಪದಗಳನ್ನು ಪ್ರಮಾಣಪತ್ರದಲ್ಲಿ ಎಷ್ಟು ಸಲ ಬರೆದರೂ ಹೊರಬಾರದ ಸಂಗತಿ ಹಾಜರಾತಿ ಪುಸ್ತಕದ ಎರಡು ಪುಟಗಳಲ್ಲಿತ್ತು.

ಮಗುವಿನ ಇಚ್ಛೆಯ ವಿಷಯ ಇದಕ್ಕಿಂತ ಸೂಕ್ಷ್ಮ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ, ಭಾರತವು 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು, ತನ್ನ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಮಗುವಿನ ಮಾತಿಗೆ ವಯಸ್ಸು ಮತ್ತು ಪ್ರೌಢಿಮೆಗೆ ತಕ್ಕ ತೂಕ ಕೊಡಬೇಕೆನ್ನುತ್ತದೆ. ನಮ್ಮಲ್ಲಿ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆಸಿ, ತಂದೆತಾಯಿಯರನ್ನೂ ವಕೀಲರನ್ನೂ ಹೊರಗಿಟ್ಟು ಮಾತಾಡಿಸುವ ಪದ್ಧತಿ ಇದೆ. ಅದಕ್ಕೆ ಮುಂಚಿನ ವಾರ ಮನೆಗಳಲ್ಲಿ ನಡೆಯುವ ತಾಲೀಮನ್ನು ಊಹಿಸಿಕೊಳ್ಳಿ. ಒಂಬತ್ತು ವರ್ಷದ ಒಬ್ಬಳು ಹುಡುಗಿ ಕೊಠಡಿಯೊಳಗೆ ಹೋದವಳೇ, "ಅಪ್ಪ ಅಮ್ಮನಿಗೆ ಮಾನಸಿಕ ಕ್ರೌರ್ಯ ಕೊಟ್ಟಿದ್ದಾರೆ" ಎಂದಳಂತೆ. "ಕ್ರೌರ್ಯ ಅಂದ್ರೆ ಏನು ಪುಟ್ಟಿ?" ಎಂದು ನ್ಯಾಯಾಧೀಶರು ಕೇಳಿದ್ದಕ್ಕೆ ಅವಳು ಸ್ವಲ್ಪ ಯೋಚಿಸಿ, "ಅದನ್ನ ಅಜ್ಜಿ ಹೇಳ್ಕೊಟ್ಟಿಲ್ಲ" ಎಂದಳು. ಇದು ಆದೇಶದಲ್ಲಿಯೇ ದಾಖಲಾಗಿತ್ತು, ಓದಿದ ನಾವಿಬ್ಬರೂ ವಕೀಲರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೇಳಿಕೊಟ್ಟ ಮಾತೆಲ್ಲ ಸುಳ್ಳು ಎಂಬ ತೀರ್ಮಾನಕ್ಕೂ ಬರಬಾರದು. ಹೊಡೆತ ಕಂಡ ಮಗು ದೊಡ್ಡವರ ಪದಗಳನ್ನು ಎರವಲು ಪಡೆದು ನಿಜವನ್ನೇ ಹೇಳುತ್ತಿರಬಹುದು. ಆದ್ದರಿಂದಲೇ ಇಂಥಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಂ ಅಡಿಯಲ್ಲಿ ಮನಶ್ಶಾಸ್ತ್ರ ಬಲ್ಲವರ ಅಥವಾ ಕುಟುಂಬ ಕ್ಷೇಮದ ಕೆಲಸ ಮಾಡುವವರ ನೆರವು ಪಡೆಯಬೇಕೆಂದು ನಾನು ಅರ್ಜಿ ಹಾಕುತ್ತೇನೆ. ಅರ್ಧ ಗಂಟೆಯ ಮಾತುಕತೆಯಲ್ಲಿ ಸಿಗದ್ದು ಮೂರು ಭೇಟಿಗಳಲ್ಲಿ ಸಿಗುತ್ತದೆ. ತಂದೆತಾಯಿಯರಿಗೆ ನಾನು ಹೇಳುವುದು ಇಷ್ಟೇ: ಕೋರ್ಟಿಗೆ ಕರೆತರುವ ದಿನ ಬೆಳಿಗ್ಗೆ ಮಗುವಿಗೆ ಹೊಟ್ಟೆ ತುಂಬ ತಿಂಡಿ ಕೊಡಿ, ಜಡ್ಜ್ ಅಂಕಲ್ಲೋ ಆಂಟಿಯೋ ಮಾತಾಡಿಸುತ್ತಾರೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬಹುದು ಎಂದು ತಿಳಿಸಿ, ಇಬ್ಬರಲ್ಲಿ ಯಾರು ಬೇಕು ಎಂದು ಮಾತ್ರ ದಾರಿಯಲ್ಲಿ ಕೇಳಬೇಡಿ. ಆ ಪ್ರಶ್ನೆ ಕೇಳಿಸಿಕೊಂಡ ಮಗು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಸಾಕ್ಷಿಯಾಗಿ ಅಲ್ಲ, ತೀರ್ಪುಗಾರನಾಗಿ. ಏಳೆಂಟು ವರ್ಷದ ಹೆಗಲಿಗೆ ಅದು ತೀರ ದೊಡ್ಡ ಹೊರೆ.

ಹಿಂಸೆ ನಡೆದಿರುವ ಮನೆಗಳ ವಿಷಯದಲ್ಲಿ ನನ್ನ ಈ ಸಮತೂಕದ ಮಾತುಗಳನ್ನು ಯಾರೂ ದುರುಪಯೋಗ ಮಾಡಿಕೊಳ್ಳಬಾರದು. ಮಗುವಿಗೆ ತಂದೆತಾಯಿ ಇಬ್ಬರೂ ಬೇಕು ಎಂಬುದು ಸಾಮಾನ್ಯವಾಗಿ ಸತ್ಯ. 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಒತ್ತಿ ಹೇಳಿ, ದೂರದಲ್ಲಿರುವ ಪೋಷಕರಿಗೆ ಫೋನ್ ಮತ್ತು ವೀಡಿಯೊ ಕರೆಯ ಮೂಲಕ ಸಂಪರ್ಕದ ಹಕ್ಕಿರಬೇಕೆಂದಿತು. ಆದರೆ ಅಮ್ಮನ ತಲೆ ಗೋಡೆಗೆ ಬಡಿದದ್ದನ್ನು ಕಂಡ ಮಗುವಿಗೆ ಅಮ್ಮನ ಸುರಕ್ಷತೆಯೇ ತನ್ನ ಸುರಕ್ಷತೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005ರ 21ನೇ ಕಲಂ ತಾತ್ಕಾಲಿಕ ಅಭಿರಕ್ಷೆ ಕೊಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ನೀಡುವುದರ ಜೊತೆಗೆ, ಭೇಟಿಯಿಂದ ಮಗುವಿಗೆ ಹಾನಿಯೆನಿಸಿದರೆ ಭೇಟಿಯನ್ನೇ ನಿರಾಕರಿಸಲು ಹೇಳುತ್ತದೆ. ಮಕ್ಕಳಿಗೂ ಮಹಿಳೆಯರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಹೇಳುತ್ತದೆ. ಜಿಲ್ಲಾ ಪ್ರಾಧಿಕಾರದ ಕಚೇರಿಯ ಬಾಗಿಲು ತಟ್ಟಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಅರಕಲಗೂಡಿನಿಂದಲೋ ಆಲೂರಿನಿಂದಲೋ ಬಸ್ಸು ಹತ್ತಿ ಬರುವ ಹೆಣ್ಣುಮಕ್ಕಳಿಗೆ ಇದು ಗೊತ್ತಿಲ್ಲದೆ, ಮೊದಲ ವಾಯಿದೆಗೇ ಓಲೆ ಅಡವಿಟ್ಟು ಬರುತ್ತಾರೆ.

ಭೇಟಿಯ ಆದೇಶ ಸಿಕ್ಕ ಮೇಲೆ ವಕೀಲರ ಕೆಲಸ ಮುಗಿಯಿತೆಂದುಕೊಳ್ಳುವುದು ಇನ್ನೊಂದು ತಪ್ಪು. 'ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಭೇಟಿ' ಎಂದಷ್ಟೇ ಬರೆದ ಆದೇಶ ಮುಂದಿನ ಜಗಳಕ್ಕೆ ಹಾಕಿದ ಅಡಿಪಾಯ. ಎಷ್ಟು ಗಂಟೆಗೆ, ಎಲ್ಲಿ, ಯಾರು ಕರೆತರುವುದು, ಬಸ್ ತಡವಾದರೆ ಎಷ್ಟು ಹೊತ್ತು ಕಾಯುವುದು, ಮಗುವಿಗೆ ಜ್ವರವಿದ್ದರೆ ಬದಲಿ ದಿನ ಯಾವುದು, ದಸರಾ ರಜೆಯನ್ನೂ ಬೇಸಿಗೆ ರಜೆಯನ್ನೂ ಹೇಗೆ ಹಂಚುವುದು, ಗೌರಿ ಹಬ್ಬಕ್ಕೆ ಎಲ್ಲಿ, ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಯಾರ ಜೊತೆ ದರ್ಶನ ಎಂಬುದನ್ನೆಲ್ಲ ಇಬ್ಬರೂ ಸಹಿ ಮಾಡಿ ನ್ಯಾಯಾಲಯಕ್ಕೆ ಕೊಡುವ ಜಂಟಿ ಮೆಮೊದಲ್ಲಿ ಬರೆಯಬೇಕು. ಮಗುವನ್ನು ಒಪ್ಪಿಸುವ ಜಾಗವಾಗಿ ಪೊಲೀಸ್ ಠಾಣೆಯನ್ನು ನಾನು ಎಂದೂ ಒಪ್ಪುವುದಿಲ್ಲ, ಭಯದ ಕಾರಣವಿದ್ದರೂ ಬೇರೆ ಜಾಗ ಹುಡುಕುತ್ತೇನೆ. ಮಗುವಿನ ಕಣ್ಣಲ್ಲಿ ಅಪ್ಪನನ್ನು ಠಾಣೆಯಲ್ಲಿ ನೋಡುವುದಕ್ಕೂ ಶಾಲೆಯ ಗೇಟಿನ ಬಳಿ ನೋಡುವುದಕ್ಕೂ ಇರುವ ಅಂತರವನ್ನು ನ್ಯಾಯಾಲಯಕ್ಕೆ ವಿವರಿಸಿ ಹೇಳಬೇಕಾಗಿ ಬಂದಿಲ್ಲ. ಕೋರಿದರೆ ಸಾಕು, ಬದಲಿಸುತ್ತಾರೆ. ಕೋರುವವರು ಕಡಿಮೆ. ಅಭಿರಕ್ಷೆಯ ಆದೇಶಗಳು ಸ್ವಭಾವತಃ ತಾತ್ಕಾಲಿಕವೆಂದು ರೋಸಿ ಜೇಕಬ್ ತೀರ್ಪೇ ಹೇಳಿದೆ, ಸನ್ನಿವೇಶ ಬದಲಾದರೆ ಮಾರ್ಪಾಡಿಗೆ ಮತ್ತೆ ಬರಬಹುದು. ನಾಲ್ಕು ವರ್ಷದ ಮಗುವಿಗೆಂದು ಹೊಲಿದ ವ್ಯವಸ್ಥೆ ಹೈಸ್ಕೂಲಿಗೆ ಹೋಗುವವನಿಗೆ ಹಿಡಿಸುವುದಿಲ್ಲ.

ಬಸ್ ಚಾಲಕರ ಪ್ರಕರಣ ತೀರ್ಪಿನ ತನಕ ಹೋಗಲಿಲ್ಲ. ಆ ಶನಿವಾರದ ನಂತರ ನಾನೇ ಎದುರು ವಕೀಲರ ಬಳಿ ಹೋಗಿ ಮಧ್ಯಸ್ಥಿಕೆಗೆ ಕಳುಹಿಸೋಣವೆಂದೆ. ಅವರಿಗೆ ಅನುಮಾನ, ಪಾಟೀಸವಾಲಿನಲ್ಲಿ ಗೆದ್ದವಳು ರಾಜಿಗೆ ಬರುತ್ತಾಳೆಂದರೆ ಏನೋ ಇರಬೇಕು ಎಂದು. ನಾಲ್ಕು ಸಿಟ್ಟಿಂಗುಗಳಾದವು. ಮೂರನೆಯದರಲ್ಲಿ ಇಬ್ಬರೂ ಮದುವೆಯ ಖರ್ಚಿನ ಮಾತಿಗೆ ಜಾರಿ ಎಲ್ಲವೂ ಮುರಿದುಬೀಳುವುದರಲ್ಲಿತ್ತು. ಕೊನೆಗೆ ಹುಡುಗ ತಾಯಿಯ ಬಳಿ ಇರುವುದು, ತಂದೆ ವಾರಕ್ಕೊಮ್ಮೆ ಕರೆದೊಯ್ಯುವುದು ಎಂದಾಯಿತು. ಭಾನುವಾರ ಎಂದು ಬರೆಸಲು ಹೊರಟಾಗ ಚಾಲಕರು, "ನನ್ ವಾರದ ರಜೆ ಬುಧವಾರ ಮೇಡಂ, ಅದೂ ಆಗಾಗ ಬದಲಾಯ್ತದೆ" ಎಂದರು. ಬುಧವಾರ ಶಾಲೆ ಇರುತ್ತದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಸಾಯಂಕಾಲ ಸ್ಕೂಲ್ ಹತ್ರಾನೇ ಬಂದು ಕರ್ಕೊಂಡೋಗ್ಲಿ, ಬೆಳಿಗ್ಗೆ ಅಲ್ಲಿಗೇ ಬಿಡ್ಲಿ. ಯೂನಿಫಾರಂ ಇನ್ನೊಂದು ಜೊತೆ ಹೊಲಿಸ್ಕೊಡ್ತೀನಿ, ಅವ್ರ ಮನೇಲಿ ಇರ್ಲಿ" ಎಂದರು.

ನ್ಯಾಯಾಲಯದ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಮೆಮೊ ತಯಾರಾಗುವಾಗ ಟೈಪಿಸ್ಟ್ ಹನ್ನೊಂದನೇ ಷರತ್ತಿಗೆ ಬಂದು ಕೈ ನಿಲ್ಲಿಸಿದ. "ಯೂನಿಫಾರಂ ಒಂದು ಜೊತೆ ತಂದೆಯ ಮನೆಯಲ್ಲಿ ಇರತಕ್ಕದ್ದು. ಇದನ್ನೂ ಹಾಕ್ಬೇಕಾ ಮೇಡಂ?" ಎಂದ. ಹಾಕಿ, ಸಾಕ್ಸ್ ಕೂಡ ಸೇರಿಸಿ ಎಂದೆ.